ಚಾನೆಲ್ ಏರಿಯ ಮೇಲೆ, ತೂಕವಿಲ್ಲದೆ

ಅದು ನಡೆದದ್ದು ಒಂದು ಸಂಜೆ, ಭದ್ರಾ ಚಾನೆಲ್ಲಿನ ಏರಿಯ ಮೇಲೆ. ಅಥವಾ ಸಂಜೆಯೇ ಆಗಿರಲಿಕ್ಕಿಲ್ಲ. ಬಲಗಡೆ ಸೂಳೆಕೆರೆಯ ನೀರು ಹೊಳೆಯುತ್ತಿತ್ತು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಅದೇ ದಾರಿಯಲ್ಲಿ ಹೋದಾಗ ನೋಡಿದರೆ ಆ ಜಾಗದಿಂದ ಕೆರೆ ಕಾಣುವುದೇ ಇಲ್ಲ. ಭತ್ತದ ಗದ್ದೆ, ಆಚೆಗೊಂದು ಕಲ್ಲುಗುಡ್ಡ, ಅಷ್ಟೆ. ಹಾಗಾದರೆ ಆ ಹೊಳಪನ್ನು ನಾನು ಎಲ್ಲಿಂದ ತಂದು ಹಚ್ಚಿದೆ? ಹೇಳುತ್ತಾ ಹೇಳುತ್ತಾ ಸೇರಿಕೊಂಡಿರಬೇಕು. ಇನ್ನೂ ಏನೇನು ಸೇರಿಕೊಂಡಿದೆಯೋ ತಿಳಿಯದು. ಆದ್ದರಿಂದ ಓದುವವರು ಇದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನೂ ಹಾಗೆಯೇ ಬರೆಯುತ್ತಿದ್ದೇನೆ.

ಇಂಥವನ್ನು ನಾನು ನಂಬುತ್ತಿರಲಿಲ್ಲ. ಹುಣಸೆಮರದ ಕೆಳಗೆ ಬೈಕು ತಾನಾಗಿ ನಿಂತುಬಿಟ್ಟಿತು ಎಂದು ಯಾರಾದರೂ ಹೇಳಿದರೆ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು ಕೇಳುವ ಪೈಕಿ ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಂಬದೆ ಇರುವುದಕ್ಕೆ ಮೊದಲಿದ್ದ ಹುರುಪು ಈಗ ಇಲ್ಲ, ಅಷ್ಟೆ.

ಆಗ ನಾನು ಹೊನ್ನಾಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಲು ಕೆಲವು ವ್ಯಾನುಗಳನ್ನು ಓಡಿಸುತ್ತಿದ್ದ ಒಂದು ಸಣ್ಣ ಗುಂಪಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಅವರ ವ್ಯಾನುಗಳು ಓಡುತ್ತಿದ್ದವು. ಅವರಿಗೆ ಒಂದು ನಕ್ಷೆ ಬೇಕಾಗಿತ್ತು. ಯಾವ ರಸ್ತೆ ಹತ್ತಿರ ಎಂದು ಹೇಳುವ ನಕ್ಷೆಯಲ್ಲ. ಅಂಗಾತ ಮಲಗಿದವರ ಬೆನ್ನಿಗೆ ಯಾವ ರಸ್ತೆ ಎಷ್ಟು ಕುಕ್ಕುತ್ತದೆ ಎಂದು ಹೇಳುವ ನಕ್ಷೆ.

ಅದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಈಗಿನ ಪ್ರತಿ ಮೊಬೈಲಿನ ಒಳಗೂ ಅಲುಗಾಟ ಅಳೆಯುವ ಒಂದು ಸಣ್ಣ ಸೆನ್ಸರ್ ಇರುತ್ತದೆ. ಫೋನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದು ಅದರಿಂದಲೇ. ಫೋನನ್ನು ವ್ಯಾನಿನ ನೆಲಕ್ಕೆ ಬಿಗಿದು ರಸ್ತೆಯ ಮೇಲೆ ಓಡಾಡಿದರೆ ಕುಲುಕಾಟದ ಲೆಕ್ಕ ತಾನಾಗಿ ಬರುತ್ತದೆ ಎಂದುಕೊಂಡು ಒಪ್ಪಿಕೊಂಡಿದ್ದೆ.

ತೊಂದರೆ ಇದ್ದದ್ದು ಫೋನುಗಳಲ್ಲಿ. ಚಾಲಕರ ಬಳಿ ಇದ್ದದ್ದು ಒಂದು ಜಾತಿಯ ಅಗ್ಗದ ಕರಿ ಫೋನು. ಯಾರೋ ದಾನಿಗಳು ಗುಂಪಿಗೆ ಕೊಟ್ಟದ್ದು ಇನ್ನೊಂದು ಜಾತಿಯ ಬಿಳಿ ಫೋನು. ಎರಡನ್ನೂ ಮೇಜಿನ ಮೇಲೆ ಅಂಗಾತ ಇಟ್ಟರೆ ಕರಿ ಫೋನು ಹತ್ತಕ್ಕೆ ಸ್ವಲ್ಪ ಕಡಿಮೆ ಎನ್ನುತ್ತದೆ, ಬಿಳಿ ಫೋನು ಮೈನಸ್ ಒಂದು ಎನ್ನುತ್ತದೆ. ಎರಡೂ ಸುಳ್ಳಲ್ಲ. ಮೇಜು ನನ್ನನ್ನು ಮೇಲಕ್ಕೆ ಒತ್ತುತ್ತಿದೆ ಎಂಬುದು ಒಂದರ ಲೆಕ್ಕ, ಭೂಮಿ ನನ್ನನ್ನು ಕೆಳಕ್ಕೆ ಎಳೆಯುತ್ತಿದೆ ಎಂಬುದು ಇನ್ನೊಂದರದು. ಅಳತೆಯ ಮಾನವೂ ಬೇರೆ, ದಿಕ್ಕೂ ಬೇರೆ. ಮೊದಲ ಸಲ ದಿಕ್ಕನ್ನು ತಿರುಗಿಸುವುದು ಮರೆತು ನಕ್ಷೆ ಬರೆದುಬಿಟ್ಟೆ. ಬಿಳಿ ಫೋನು ಕಂಡ ಗುಂಡಿಗಳೆಲ್ಲ ಉಬ್ಬಾಗಿ, ಉಬ್ಬುಗಳೆಲ್ಲ ಗುಂಡಿಯಾಗಿ ಬಂದವು. ವ್ಯಾನಿನ ಚಾಲಕ ಚಂದ್ರಾನಾಯ್ಕರು ಅದನ್ನು ಬಹಳ ಹೊತ್ತು ನೋಡಿ, "ಜಗಳೂರು ರೋಡಾಗೆ ಒಂದೂ ಗುಂಡಿ ಇಲ್ಲಂತಾತು. ಇಷ್ಟು ವರ್ಷ ಸುಮ್ನೆ ಬೈಕಂತಿದ್ವಿ ನೋಡ್ರಿ," ಎಂದರು.

ದಿಕ್ಕು ಸರಿಮಾಡಿದೆ, ಮಾನ ಸರಿಮಾಡಿದೆ. ಆದರೂ ಎರಡು ಫೋನು ಒಂದೇ ರಸ್ತೆಗೆ ಒಂದೇ ಮಾತು ಹೇಳಲಿಲ್ಲ. ಪ್ರತಿ ಫೋನಿಗೂ ಹುಟ್ಟಿನಿಂದ ಬಂದ ಒಂದು ಸಣ್ಣ ಓರೆ ಇರುತ್ತದೆ, ಅಂಗಡಿಯ ತಕ್ಕಡಿಗೆ ಇರುವ ಹಾಗೆ. ತಕ್ಕಡಿಯಾದರೆ ಖಾಲಿ ಬಿಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ ಓರೆ ಕಂಡುಹಿಡಿಯಬಹುದು. ಫೋನಿನ ತಕ್ಕಡಿಯಿಂದ ಭೂಮಿಯ ಎಳೆತವನ್ನು ಇಳಿಸಿಡುವುದು ಹೇಗೆ? ಬೀಳುತ್ತಿರುವ ವಸ್ತುವಿಗೆ ಮಾತ್ರ ತೂಕ ಇರುವುದಿಲ್ಲ. ಬಿದ್ದಷ್ಟು ಹೊತ್ತು ಸೆನ್ಸರ್ ಸೊನ್ನೆ ತೋರಿಸಬೇಕು. ಮನೆಯಲ್ಲಿ ಕೌದಿ ಹಾಸಿ, ಕುರ್ಚಿ ಹತ್ತಿ ನಿಂತು ಎರಡೂ ಫೋನುಗಳನ್ನು ಅದರ ಮೇಲೆ ಬಿಡುತ್ತಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲ ಮುಟ್ಟುತ್ತಿದ್ದವು, ಉಪಯೋಗವಾಗುತ್ತಿರಲಿಲ್ಲ. ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ಒಂದು ದಿನ ನೋಡಿದರು. ಏನೂ ಕೇಳದೆ ಹೋದರು. ಕೇಳಿದ್ದರೆ ಚೆನ್ನಾಗಿತ್ತು ಎಂದು ಅನಿಸಿದ್ದು ನೆನಪಿದೆ. ಯಾರಿಗಾದರೂ ಹೇಳಿಕೊಂಡು ದಣಿವು ಇಳಿಸಬೇಕಾಗಿತ್ತು.

ಚಂದ್ರಾನಾಯ್ಕರಿಗೆ ಮಾತ್ರ ಇದು ಆಟದ ವಿಷಯವಾಗಿರಲಿಲ್ಲ. ಅವರು ನ್ಯಾಮತಿಯ ಕಡೆಯವರು, ಸೂರಗೊಂಡನಕೊಪ್ಪದ ಹತ್ತಿರದ ಲಂಬಾಣಿ ತಾಂಡಾ. ಮಗಳು ಕವಿತಾಳನ್ನು ಸೂಳೆಕೆರೆಯ ಈಚೆಯ ಒಂದು ತಾಂಡಾಕ್ಕೆ ಕೊಟ್ಟಿದ್ದರು. ಅವಳು ಬಸುರಿ. ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಮಾಸು ಕೆಳಗೆ, ಗರ್ಭಕೋಶದ ಬಾಯಿಯ ಹತ್ತಿರ ಇದೆ ಎಂದಿದ್ದರಂತೆ. ಯಾವಾಗ ಬೇಕಾದರೂ ರಕ್ತ ಹೋಗಬಹುದು. ಹೋದರೆ ತಡಮಾಡದೆ, ಮಲಗಿಸಿಕೊಂಡೇ, ಆದಷ್ಟೂ ಕುಲುಕದಂತೆ ದಾವಣಗೆರೆಗೆ ತರಬೇಕು.

ಅವಳ ಊರಿನಿಂದ ದಾವಣಗೆರೆಗೆ ಎರಡು ದಾರಿ. ಒಂದು ಭದ್ರಾ ಚಾನೆಲ್ಲಿನ ಏರಿಯ ಮೇಲೆ ಹೋಗುವುದು. ಹಳೇ ಟಾರು, ಹತ್ತಿರದ ದಾರಿ. ಇನ್ನೊಂದು ಮೇನ್ ರೋಡು. ಟಾರು ಹೊಸದು, ಆದರೆ ಸುತ್ತು, ಪ್ರತಿ ಊರಿನ ಮುಂದೂ ಊರವರೇ ಎಬ್ಬಿಸಿದ ಹಂಪುಗಳು. ಕರಿ ಫೋನು ಚಾನೆಲ್ ಏರಿಯೇ ಮೇಲು ಎನ್ನುತ್ತಿತ್ತು. ಬಿಳಿ ಫೋನು ಮೇನ್ ರೋಡು ಎನ್ನುತ್ತಿತ್ತು. ಗುಂಪಿನವರಿಗೆ ನಕ್ಷೆ ತಡವಾದರೂ ನಡೆಯುತ್ತಿತ್ತು. ಚಂದ್ರಾನಾಯ್ಕರು ಮಾತ್ರ ನನ್ನನ್ನು ಮನೆಯ ಮುಂದೆ ಇಳಿಸುವಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಯಾವ ರೋಡು ಮೇಡಂ?"

"ಇನ್ನೂ ಗೊತ್ತಾಗಿಲ್ಲ."

"ನಿಮ್ ಎರಡು ಫೋನು ಜಗಳ ಬಗೆಹರಿಸ್ಕಳಾ ಹೊತ್ತಿಗೆ ನನ್ ಮೊಮ್ಮಗು ಸಾಲಿಗೆ ಹೋಗಿರ್ತೈತೆ." ಹೀಗೆ ಹೇಳಿ ನಗುತ್ತಿದ್ದರು. ನಗು ಮುಗಿದ ಮೇಲೂ ಗಾಡಿಯನ್ನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿಕೊಂಡಿರುತ್ತಿದ್ದರು.

ನಮ್ಮ ಕೆಲಸದ ರೀತಿ ಹೀಗಿತ್ತು. ಎರಡೂ ಫೋನುಗಳನ್ನು ಒಂದೇ ಹಲಗೆಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಹಲಗೆಯನ್ನು ವ್ಯಾನಿನಲ್ಲಿ ರೋಗಿ ಮಲಗುವ ಜಾಗಕ್ಕೆ ಕಟ್ಟುವುದು. ಎರಡರ ಗಡಿಯಾರ ಹೊಂದುವುದಿಲ್ಲವಾದ್ದರಿಂದ ಹೊರಡುವ ಮುಂಚೆ ಹಲಗೆಯನ್ನು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ ತಟ್ಟುವುದು. ಆ ತಟ್ಟಿದ ಗುರುತು ಎರಡರಲ್ಲೂ ಬೀಳುತ್ತದೆ, ಅಲ್ಲಿಂದ ಲೆಕ್ಕ ಶುರು. ಚಂದ್ರಾನಾಯ್ಕರು ಡ್ಯಾಶ್‌ಬೋರ್ಡಿನ ಮೇಲಿದ್ದ ಸಂತ ಸೇವಾಲಾಲರ ಪಟಕ್ಕೆ ಕೈಮುಗಿದು, ಆಮೇಲೆ ಹಿಂದೆ ಬಂದು ಹಲಗೆ ತಟ್ಟಿ, ಗಾಡಿ ಬಿಡುತ್ತಿದ್ದರು.

ಅವರದೊಂದು ಅಭ್ಯಾಸವಿತ್ತು. ಗುಂಡಿಯೋ ಹಂಪೋ ಬರುವುದಕ್ಕೆ ಸ್ವಲ್ಪ ಮುಂಚೆ, ತಿರುಗಿ ನೋಡದೆ, "ಮೈ ಹಗುರ ಮಾಡ್ಕಳ್ರಿ" ಎನ್ನುತ್ತಿದ್ದರು. ಸೀಟಿಗೆ ಮೈಯೆಲ್ಲ ಒಪ್ಪಿಸಿ ಕೂರಬೇಡಿ, ಸ್ವಲ್ಪ ಎದ್ದಂತೆ ಇರಿ ಎಂದು ಅದರ ಅರ್ಥ. ಎಷ್ಟೋ ವರ್ಷ ಪ್ಯಾಸೆಂಜರುಗಳಿಗೆ ಹೇಳಿ ಹೇಳಿ ಬಾಯಿಗೆ ಬಂದುಬಿಟ್ಟ ಮಾತು. ಕೇಳಿದ ಕೂಡಲೆ ನಾನೂ ಮೇಲಿನ ಹಿಡಿಕೆ ಹಿಡಿದು ಮೈ ಸಡಿಲ ಮಾಡುತ್ತಿದ್ದೆ. ಆಮೇಲಾಮೇಲೆ ನನಗೆ ಗೊತ್ತಿಲ್ಲದಂತೆಯೇ ಹಾಗೆ ಮಾಡುತ್ತಿದ್ದೆ.

ಆ ದಿನ ಜಗಳೂರಿನಿಂದ ಹೊರಟಿದ್ದೆವು. ಬಿಳಿಚೋಡಿನ ಹತ್ತಿರ ಕುರಿಹಿಂಡು ರಸ್ತೆ ತುಂಬ ಹರಡಿಕೊಂಡು ನಮ್ಮನ್ನು ಬಹಳ ಹೊತ್ತು ನಿಲ್ಲಿಸಿತು. ದಾವಣಗೆರೆ ದಾಟಿ ಒಂದು ಚಹಾದಂಗಡಿಯಲ್ಲಿ ನಿಂತೆವು. ಅಲ್ಲಿ ಫೋನುಗಳನ್ನು ಮತ್ತೆ ಮೊದಲಿನಿಂದ ಶುರುಮಾಡಿ, ಹಲಗೆ ತಟ್ಟಿ, ಚಾನೆಲ್ ಏರಿಗೆ ಹತ್ತಿದೆವು. ನಾನು ಹಿಂದೆ, ಹಲಗೆಯ ಪಕ್ಕದಲ್ಲಿ ಕೂತಿದ್ದೆ. ನೀರು ಬಿಟ್ಟಿದ್ದರು, ಚಾನೆಲ್ ದಡದವರೆಗೆ ತುಂಬಿ ಹರಿಯುತ್ತಿತ್ತು. ಇದನ್ನಾದರೂ ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ಭಾವಿಸುತ್ತೇನೆ. ಕಿಟಕಿಗೆ ತಲೆ ಆನಿಸಿದ್ದೆ. ಸೊಂಟ ನೋಯುತ್ತಿತ್ತು. ರಸ್ತೆ ನೇರವಾಗಿ, ಸಮವಾಗಿ ಇತ್ತು.

"ಮೈ ಹಗುರ ಮಾಡ್ಕಳ್ರಿ."

ನಾನು ಹಿಡಿಕೆ ಹಿಡಿದೆ. ಮೈ ಸಡಿಲ ಬಿಟ್ಟು ಕಾದೆ. ಕುಲುಕಲೇ ಇಲ್ಲ. ಗುಂಡಿ ಬರಲಿಲ್ಲ, ಹಂಪು ಬರಲಿಲ್ಲ. ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ದೂರ ಹೋದಂತೆ ಇತ್ತು ಎಂದು ಬರೆಯಲು ಕೈ ಮುಂದಾಗುತ್ತಿದೆ. ಅದು ನಿಜವೋ, ಆಮೇಲೆ ಸೇರಿದ್ದೋ ಹೇಳಲಾರೆ. ಸೊಂಟದ ನೋವು ಇರಲಿಲ್ಲ ಎಂಬುದು ಮಾತ್ರ, ಅದು ಮರಳಿ ಬಂದಾಗ ಗೊತ್ತಾಯಿತು.

"ಏನಂದ್ರಿ?" ಎಂದು ಕೇಳಿದೆ.

"ಏನೂ ಅನ್ಲಿಲ್ಲಲ್ಲ ಮೇಡಂ. ನಿದ್ದಿ ಹತ್ತಿತ್ತೇನೋ ನಿಮಗೆ," ಎಂದರು. ನಾನೂ ಹಾಗೆಯೇ ಇರಬೇಕು ಎಂದುಕೊಂಡೆ. ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ಎರಡು ಫೋನುಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ, ತಟ್ಟಿದ ಗುರುತಿನಿಂದ ಹೊಂದಿಸಿ, ಗೆರೆ ಎಳೆಸಿದೆ. ಚಹಾದಂಗಡಿಯಿಂದ ಏರಿಯವರೆಗೆ ಎಂದಿನಂತೆ ಎರಡು ಗೆರೆ ಒಂದಕ್ಕೊಂದು ಹೊಂದದೆ ಓಡಿದ್ದವು. ಏರಿಯ ನಡುವೆ ಒಂದು ಕಡೆ ಎರಡೂ ಒಟ್ಟಿಗೆ ಇಳಿದು, ಸೊನ್ನೆಯ ಹತ್ತಿರ ಬಂದು, ಅಲ್ಲೇ ಚಪ್ಪಟೆಯಾಗಿ ನಿಂತಿದ್ದವು. ಉಸಿರು ಒಳಗೆಳೆದು ನಿಧಾನವಾಗಿ ಬಿಡುವಷ್ಟು ಹೊತ್ತು. ಆಮೇಲೆ ಮತ್ತೆ ಮೇಲೆದ್ದು ತಂತಮ್ಮ ದಾರಿ ಹಿಡಿದಿದ್ದವು.

ಸೊನ್ನೆ ಎಂದರೆ ಬೀಳುವುದು. ಅಷ್ಟು ಹೊತ್ತು ಬೀಳಬೇಕಾದರೆ ತೆಂಗಿನಮರದ ಮೇಲೆ ಇನ್ನೊಂದು ತೆಂಗಿನಮರ, ಅದರ ಮೇಲೆ ಮತ್ತೊಂದು ನಿಲ್ಲಿಸಿ ಅದರ ತುದಿಯಿಂದ ಬೀಳಬೇಕು. ನಾವು ಸಮನಾದ ರಸ್ತೆಯಲ್ಲಿ ಹೋಗುತ್ತಿದ್ದೆವು.

ಮೊದಲು ನನ್ನ ಪ್ರೋಗ್ರಾಮಿನ ಮೇಲೆಯೇ ಅನುಮಾನಪಟ್ಟೆ. ಫೋನು ಲೆಕ್ಕ ಕೊಡದೆ ಬಿಟ್ಟ ಕಡೆ ಪ್ರೋಗ್ರಾಮು ಸೊನ್ನೆ ತುಂಬಿರಬಹುದು, ಇಂಥ ತಪ್ಪು ಸಾಮಾನ್ಯ. ಹಾಗೆ ಆಗಿರಲಿಲ್ಲ. ತುಂಬಿದ ಸೊನ್ನೆಯಾದರೆ ಬರಿಯ ಸೊನ್ನೆ ಇರುತ್ತದೆ. ಇಲ್ಲಿ ಸೊನ್ನೆಯ ಅಕ್ಕಪಕ್ಕ ಸಣ್ಣ ನಡುಕವಿತ್ತು, ಜೀವ ಇರುವ ಸೆನ್ಸರಿಗೆ ಇರುವಂಥದ್ದು. ಎರಡು ಫೋನಿನ ನಡುಕವೂ ಬೇರೆ ಬೇರೆ. ಒಂದು ಕೆಟ್ಟಿತು ಎನ್ನೋಣವೆಂದರೆ ಬೇರೆ ಬೇರೆ ಕಂಪನಿಯ ಎರಡು ಯಂತ್ರ ಒಂದೇ ಗಳಿಗೆಯಲ್ಲಿ ಕೆಟ್ಟು ಒಂದೇ ಗಳಿಗೆಯಲ್ಲಿ ಸರಿಯಾಗಬೇಕು. ಈ ಕೆಲಸ ಬಲ್ಲ ಗೆಳತಿಯೊಬ್ಬಳಿಗೆ ಎಲ್ಲಿಯದು ಎಂದು ಹೇಳದೆ ಆ ಗೆರೆಗಳನ್ನು ಕಳಿಸಿದೆ. ಎತ್ತರದಿಂದ ಏನೋ ಬಿದ್ದಿದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫೋನು ಮಾಡಿ, ಬಿದ್ದದ್ದು ಕೊನೆಗೆ ನೆಲಕ್ಕೆ ಹೊಡೆಯಬೇಕಲ್ಲ, ಆ ಹೊಡೆತ ಎಲ್ಲಿ ಎಂದು ಅವಳೇ ಕೇಳಿದಳು. ಹೊಡೆತ ಇರಲಿಲ್ಲ. ತೂಕ ಮೆಲ್ಲಗೆ ಮರಳಿ ಬಂದಿತ್ತು, ನಿದ್ದೆಹೋದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.

ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋದೆವು. ಹೊತ್ತು ಬದಲಿಸಿ, ವೇಗ ಬದಲಿಸಿ, ಫೋನು ಬದಲಿಸಿ ನೋಡಿದೆವು. ಮತ್ತೊಮ್ಮೆ ಹಾಗೆ ಆಗಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಕೌದಿಯ ಮೇಲೆ ಫೋನು ಬಿಸಾಡಿ ಹುಡುಕುತ್ತಿದ್ದದ್ದು ಅದನ್ನೇ, ಖಾಲಿ ತಕ್ಕಡಿಯನ್ನು. ಆ ಗಳಿಗೆಯಲ್ಲಿ ಎರಡೂ ಫೋನು ತಮ್ಮ ತಮ್ಮ ಓರೆ ಎಷ್ಟು ಎಂದು ತೋರಿಸಿಕೊಟ್ಟಿದ್ದವು. ಸೊನ್ನೆಗೆ ದಿಕ್ಕಿಲ್ಲ, ಮಾನವಿಲ್ಲ. ಅಲ್ಲಿ ಇಬ್ಬರಿಗೂ ವಾದವಿಲ್ಲ. ಆ ಓರೆಯನ್ನು ಹಳೆಯ ಲೆಕ್ಕಗಳಿಂದೆಲ್ಲ ಕಳೆದು ನೋಡಿದೆ. ಎರಡು ಫೋನು ಒಂದಾದವು. ಜಗಳೂರು ರಸ್ತೆ, ನ್ಯಾಮತಿ ರಸ್ತೆ, ಎಲ್ಲ ಕಡೆಯೂ ಗೆರೆಯ ಮೇಲೆ ಗೆರೆ ಕೂತಿತು. ಖುಷಿಯಾಗಬೇಕಿತ್ತು. ಕುರ್ಚಿಯಿಂದ ಏಳಲು ಮನಸ್ಸಾಗದೆ ಹಾಗೇ ಕೂತಿದ್ದೆ. ಆಗಲಾರದ ಒಂದು ಸಂಗತಿಯನ್ನು ಅಡಿಪಾಯವಾಗಿಟ್ಟು ಸರಿಯಾದ ನಕ್ಷೆ ಬಂದಿತ್ತು.

ಚಂದ್ರಾನಾಯ್ಕರಿಗೆ ಫೋನುಗಳ ವಿಷಯ ಪೂರ್ತಿ ಹೇಳಿದೆ. ನನ್ನ ಕಿವಿಗೆ ಬಿದ್ದ ಮಾತಿನ ವಿಷಯ ಹೇಳಲಿಲ್ಲ. ಅದು ನಿದ್ದೆಗಣ್ಣಿನದು ಎಂದೇ ಬಿಟ್ಟಿದ್ದೆ. ಅವರು ಕೇಳಿಕೊಂಡು, ಸ್ಟೇರಿಂಗಿನ ಮೇಲೆ ಕೈಯಿಟ್ಟರು.

"ಗಾಡಿ ಗಾಳ್ಯಾಗೆ ಹೋತು ಅಂತೀರಾ?"

"ನಾನು ಅನ್ನಲ್ಲ. ಫೋನು ಹಂಗೆ ಅಂತಿದೆ."

"ಫೋನು ಬಿಡ್ರಿ. ಒಳ್ಳೇದೋ ಕೆಟ್ಟದ್ದೋ, ಅಷ್ಟು ಹೇಳ್ರಿ. ನನ್ ಮಗಳನ್ನ ಮಲಗಿಸ್ಕಂಡು ಹೋಗಾ ರೋಡದು."

ನನಗೆ ಗೊತ್ತಿಲ್ಲ ಎಂದೆ. ಕುಲುಕಾಟ ಕಡಿಮೆ ಇರುವುದು ಚಾನೆಲ್ ಏರಿಯ ಮೇಲೇ, ಈಗ ಎರಡೂ ಫೋನು ಅದನ್ನು ಒಪ್ಪುತ್ತವೆ, ಅಷ್ಟು ಮಾತ್ರ ಹೇಳಬಲ್ಲೆ ಎಂದೆ. ಅವರು ಪಟದ ಕಡೆ ನೋಡಿದರು. "ಹಂಗಾರೆ ಅದೇ ರೋಡು," ಎಂದರು.

ಅದಾದ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಅವರ ಫೋನು ಬಂತು. ಮಗಳನ್ನು ನೋಡಲು ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದರಂತೆ. "ರಕ್ತ ಹೋಗಾಕೆ ಹತ್ತೈತೆ. ಹೊಂಟೀವಿ. ಏರಿ ಮೇಲೇ ಹೋಗ್ತೀನಿ," ಎಂದರು. ನಾನು ಏನೋ ಹೇಳುವುದರೊಳಗೆ ಇಟ್ಟುಬಿಟ್ಟರು. ಮೇನ್ ರೋಡಿಗೆ ಹೋಗಿ ಎಂದು ಹೇಳಲು ಹೊರಟಿದ್ದೆನೋ, ಹೋಗಿಬನ್ನಿ ಎಂದು ಹೇಳಲು ಹೊರಟಿದ್ದೆನೋ, ಈಗ ನೆನಪಿಲ್ಲ. ಮತ್ತೆ ಮಾಡಿದರೆ ಎತ್ತಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು. ಕಂಪ್ಯೂಟರಿನಲ್ಲಿ ಆ ಎರಡು ಗೆರೆಗಳನ್ನು ತೆಗೆದುಕೊಂಡು ಕೂತೆ, ಅವುಗಳಿಂದ ಇನ್ನೇನಾದರೂ ತಿಳಿಯುತ್ತದೆ ಎಂಬಂತೆ. ಮಧ್ಯಾಹ್ನ ಅವರೇ ಮಾಡಿದರು.

"ಹೆಣ್ಣು ಮಗು. ಇಬ್ರೂ ಅದಾರೆ."

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸೆನ್ಸರುಗಳ ಒಂದು ಬಿಡಿಸಲಾಗದ ಒಗಟು ಎಂದು ಬದಿಗಿಟ್ಟಿರುತ್ತಿದ್ದೆ.

ಬಾಣಂತನಕ್ಕೆ ಕವಿತಾಳನ್ನು ತವರಿಗೆ ಕರೆತಂದಿದ್ದಾಗ ಅವಳನ್ನು ನೋಡಲು ಹೋದೆ. ನಾನು ಅವಳನ್ನು ಕಂಡದ್ದು ಅದೇ ಮೊದಲು. ಮಗು ಎಣ್ಣೆ ಹಚ್ಚಿಸಿಕೊಂಡು, ನೀರು ಹಾಕಿಸಿಕೊಂಡು ಮಲಗಿತ್ತು. ಚಂದ್ರಾನಾಯ್ಕರು ಹೊಸ್ತಿಲ ಬಳಿ ಕೂತಿದ್ದರು. ಅಪ್ಪ ಮಗಳು ಲಂಬಾಣಿಯಲ್ಲಿ ಏನೋ ಹಾಸ್ಯ ಮಾಡಿಕೊಂಡು ನಗುತ್ತಿದ್ದರು. ಆಮೇಲೆ ಅವಳು ನನ್ನ ಕಡೆ ತಿರುಗಿ, ನೀವೇ ಅಲ್ಲವೇ ರೋಡು ತೋರಿಸಿದ್ದು ಎಂದಳು. ದಾರಿಯಲ್ಲಿ ಬಹಳ ಕುಲುಕಿತೇ ಎಂದು ಕೇಳಿದೆ. ಬೇರೆ ಏನೂ ಕೇಳಲಿಲ್ಲ. ಕೇಳಲಿಲ್ಲವೆಂದೇ ನನ್ನ ನೆನಪು.

"ಮೊದ್ಲು ಸ್ವಲ್ಪ ಕುಲುಕ್ತು. ಆಮೇಲೆ ಒಂದು ಕಡೆ ಅಪ್ಪ, ಮೈ ಹಗುರ ಮಾಡ್ಕಳ್ರಿ, ಅಂದ. ಕನ್ನಡದಾಗೆ." ಅವಳು ನಕ್ಕಳು. "ನನ್ ಕೂಡ ಅಪ್ಪ ಯಾವತ್ತೂ ಕನ್ನಡ ಮಾತಾಡಲ್ಲ ರೀ. ಗಾಬ್ರಿಗೆ ನನ್ನೂ ಪ್ಯಾಸೆಂಜರ್ ಅಂದ್ಕಂಡಾನೆ ಅಂತ ಮಾಡ್ದೆ. ಆಮೇಲೆ ಒಂಚೂರು ಹೊತ್ತು ಹೊಟ್ಟೆ ಭಾರನೇ ಇರಲಿಲ್ಲ. ಬೆನ್ನು ಹಾಸಿಗಿಗೆ ಹತ್ತಿದ್ದೂ ಗೊತ್ತಾಗಲಿಲ್ಲ."

ಚಂದ್ರಾನಾಯ್ಕರು ಅವಳಿಗೆ ಲಂಬಾಣಿಯಲ್ಲಿ ಏನೋ ಹೇಳಿದರು. ಅವಳು ತಲೆಯಾಡಿಸಿ ಅಲ್ಲ ಎಂದಳು. ಅವರು ಮತ್ತೆ ಹೇಳಿದರು. ಅವಳು ಮತ್ತೆ ತಲೆಯಾಡಿಸಿದಳು. ಆಗ ಅವರು ನನಗೆ ಹೇಳಿದರು:

"ಇಲ್ಲ ಮೇಡಂ. ಆವತ್ತು ದಾರಿ ಉದ್ದಕ್ಕೂ ನಾನು ಬಾಯಿ ಬಿಟ್ಟಿಲ್ಲ. ಹಲ್ಲು ಕಚ್ಕಂಡು ಗಾಡಿ ಹೊಡ್ದೀನಿ."

ಅದು ಯಾವ ಜಾಗ ಎಂದು ಅವಳನ್ನು ಕೇಳಿದೆ. ಮಲಗಿದ್ದೆನಲ್ಲ, ಮೇಲೆ ಗಾಡಿಯ ತಗಡು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಎಂದಳು. ಆ ದಿನ ಗಾಡಿಯಲ್ಲಿ ಹಲಗೆ ಇರಲಿಲ್ಲ, ಫೋನು ಕಟ್ಟಿರಲಿಲ್ಲ. ಯಾವ ಲೆಕ್ಕವೂ ಉಳಿದಿಲ್ಲ. ನಾನು ಕೇಳಿದ ಮಾತನ್ನು ಅವರಿಬ್ಬರಿಗೂ ಅಲ್ಲೇ ಹೇಳಬೇಕಿತ್ತು. ಮಗು ಎದ್ದು ಅಳತೊಡಗಿತು, ಚಹಾ ಬಂತು, ಹೇಳುವುದು ಹಿಂದೆ ಬಿತ್ತು. ಈಗ ಹೇಳಿದರೆ ಅವಳ ಮಾತು ಕೇಳಿ ನಾನು ಕಟ್ಟಿದ್ದು ಎಂದು ನನಗೇ ಅನಿಸುತ್ತದೆ. ನಿಜಕ್ಕೂ ಹಾಗೆಯೇ ಆಗಿರಬಹುದು. ಕೆರೆ ಕಾಣದ ಕಡೆ ಕೆರೆಯ ಹೊಳಪು ಕಂಡವಳಿಗೆ ಕೇಳದ ಮಾತು ಕೇಳುವುದೇನು ದೊಡ್ಡದು? ಆದರೆ ಎರಡು ಗೆರೆಗಳು ಹಾಗೇ ಇವೆ. ಕವಿತಾ ಹೇಳುವುದಕ್ಕೆ ಮುಂಚಿನವು ಅವು.

ಆ ನಕ್ಷೆಯನ್ನು ಗುಂಪಿನವರು ಇನ್ನೂ ಬಳಸುತ್ತಾರೆ. ಆ ದಿನ ಏರಿಯ ಮೇಲೆ ಸಿಕ್ಕ ಓರೆಯ ಅಂಕಿಗಳು ಪ್ರೋಗ್ರಾಮಿನೊಳಗೆ ಹಾಗೇ ಇವೆ. ತೆಗೆದು ಬೇರೆ ರೀತಿಯಲ್ಲಿ ಲೆಕ್ಕ ಮಾಡಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ನಕ್ಷೆ ಸರಿಯಾಗಿಯೇ ಇದೆಯಲ್ಲ ಎಂದು ಎದ್ದಿದ್ದೇನೆ. ಆ ಏರಿಯ ಮೇಲೆ ಏನಾಯಿತು ಎಂಬುದು ನನಗೆ ಗೊತ್ತಿಲ್ಲ. ಆ ಮಾತು ಆಡಿದವರು ಯಾರು ಎಂಬುದೂ ಗೊತ್ತಿಲ್ಲ.